ಶ್ರೀಪತಿಯ ಪ್ರಾಣದೀಪ

ಶ್ರೀಪತಿ ಯಾವ ಹವ್ಯಾಸವನ್ನೂ ಕಲಿತು ಶುರು ಮಾಡಿದವನಲ್ಲ. ಸಾಮಾನು ಕೊಂಡು ಶುರು ಮಾಡಿದವನು. ಕೌಲಾಲಂಪುರದ ಬಾಂಗ್ಸಾರ್‌ನಲ್ಲಿ, ಹತ್ತೊಂಬತ್ತನೇ ಮಹಡಿಯಲ್ಲಿದ್ದ ಅವನ ಮನೆಯ ಬಾಲ್ಕನಿಯಲ್ಲಿ ನಿಂತರೆ ಅವನ ಆಸಕ್ತಿಗಳ ಇತಿಹಾಸ ಬಂಡೆಯ ಪದರಗಳ ಹಾಗೆ ಕಾಣುತ್ತಿತ್ತು. ತಳದಲ್ಲಿ ಕ್ಯಾಮರಾದ ಸ್ಟ್ಯಾಂಡು, ಅದರ ಮೇಲೆ ಮಡಚುವ ಸೈಕಲ್ಲು, ಸೈಕಲ್ಲಿಗೆ ಒರಗಿದ ಗಿಟಾರು, ಗಿಟಾರಿನ ಮೇಲೆ ಬಿದ್ದಿದ್ದ ಯೋಗದ ಚಾಪೆ. ಒಂದೊಂದನ್ನೂ ಅವನು ಅತ್ಯುತ್ತಮ ದರ್ಜೆಯದೇ ಬೇಕೆಂದು ಹುಡುಕಿ ತರಿಸಿದ್ದ. ಒಂದೊಂದರ ಬಗ್ಗೆಯೂ, ಅದನ್ನು ಕೈಬಿಡುವ ಮೊದಲು, ಬೇರೆಯವರಿಗೆ ಪಾಠ ಹೇಳಿದ್ದ.

ಪಾಠ ಹೇಳುವುದೇ ಅವನ ನಿಜವಾದ ಹವ್ಯಾಸ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವನು ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರಾಗಿದ್ದ. ತನಗಿಂತ ಚೆನ್ನಾಗಿ ಕೆಲಸ ಬಲ್ಲವರಿಗೆ ಕೆಲಸ ವಿವರಿಸುವುದಕ್ಕೆ ಅಲ್ಲಿ ಸಂಬಳ ಸಿಗುತ್ತಿದ್ದುದರಿಂದ ಆ ಚಟ ಮನೆಗೂ ಬಂದಿತ್ತು. ಉಡುಪಿಯವಳಾದ ಹೆಂಡತಿ ಸರೋಜಿನಿಗೆ ನೀರುದೋಸೆ ಹುಯ್ಯುವ ಕ್ರಮ ಹೇಳಿಕೊಟ್ಟವನು ಅವನು.

"ಬೇಸಿಕಲಿ ಸರೋಜಾ, ಕಾವಲಿ ಚೆನ್ನಾಗಿ ಬಿಸಿ ಇರ್ಬೇಕು."

"ಹೌದಾ ಮಾರಾಯ್ರೆ? ನಾವು ಇಷ್ಟು ವರ್ಷ ಕಾವಲಿಯನ್ನು ಫ್ರಿಜ್ಜಲ್ಲಿಟ್ಟು ಹುಯ್ತಾ ಇದ್ದೆವು," ಎಂದು ಅವಳು ದೋಸೆ ಮಡಚಿ ತಟ್ಟೆಗೆ ಹಾಕಿದ್ದಳು. ತನ್ನ ಸಲಹೆ ಉಪಯೋಗಕ್ಕೆ ಬಂತೆಂದು ಅವನು ತಲೆಯಾಡಿಸಿದ್ದ.

2020ರ ಮಾರ್ಚಿನಲ್ಲಿ ಮಲೇಷ್ಯಾ ಬಾಗಿಲು ಹಾಕಿಕೊಂಡಿತು. ಎಲ್ಲರೂ ಮನೆಯಲ್ಲಿ ಬ್ರೆಡ್ ಮಾಡಲು ಹೊರಟಾಗ ಅವನೂ ಹೊರಟ. ಹಿಟ್ಟು ಉಬ್ಬಲಿಲ್ಲ. ತಪ್ಪು ಹಿಟ್ಟಿನದೆಂದು ತೀರ್ಮಾನಿಸಿ ಮೇಣದಬತ್ತಿಗೆ ಬಂದ. ಪೆಟ್ಟಿಗೆಗಳು ಬಂದವು: ಸೋಯಾ ಮೇಣದ ಚೂರು, ಹತ್ತಿಯ ಬತ್ತಿ, ದಪ್ಪ ಗಾಜಿನ ಲೋಟ, ಉಷ್ಣಮಾಪಕ, ಪುಟ್ಟ ಬಾಟಲಿಗಳಲ್ಲಿ ಸುಗಂಧ. ಮೇಣವನ್ನು ನೇರ ಉರಿಯ ಮೇಲೆ ಇಡಬಾರದು. ಕುದಿಯುವ ನೀರಿನೊಳಗೆ ಇನ್ನೊಂದು ಪಾತ್ರೆಯಿಟ್ಟು ಅದರಲ್ಲಿ ಕರಗಿಸಬೇಕು. ಆ ಇನ್ನೊಂದು ಪಾತ್ರೆಯಾಗಿ ಅವನು ಆರಿಸಿಕೊಂಡದ್ದು ಅವನ ತಾಯಿ ಸೊಸೆಗೆಂದು ಕೊಟ್ಟಿದ್ದ, ಸಾರಿಗೇ ಮೀಸಲಾದ ಈಯದ ಪಾತ್ರೆಯನ್ನು. ಮರುದಿನ ತಿಳಿಸಾರಿನಲ್ಲಿ ಲ್ಯಾವೆಂಡರ್ ವಾಸನೆ ಬಂತು.

"ಇದನ್ನು ಕುಡಿಯೂದಾ, ಹಚ್ಚೂದಾ?" ಎಂದಳು ಸರೋಜಿನಿ.

"ಅರೋಮಾ ಥೆರಪಿ ಅಂದ್ಕೋ."

"ಅತ್ತೆಗೆ ಫೋನ್ ಮಾಡ್ತೇನೆ ಈಗ. ಅವ್ರು ಕೊಡ್ತಾರೆ ನಿಮ್ಗೆ ಥೆರಪಿ."

ನ್ಯಾಯವಾಗಿ ಹೇಳಬೇಕಾದರೆ ಮೊದಲ ವರ್ಷದ ಬತ್ತಿಗಳು ಕೆಟ್ಟದಾಗಿರಲಿಲ್ಲ. ಅದರ ಶ್ರೇಯಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಗಳು ಇಂಚರಳದು. ಆಗ ಹದಿಮೂರರ ಹುಡುಗಿ, ಕೌಲಾಲಂಪುರದಲ್ಲೇ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ, ಉತ್ತರ ಮಾತಿನ ಕೊನೆಗೆ 'ಲಾ' ಸೇರಿಸುವ ಮಲೇಷ್ಯಾದ ಇಂಗ್ಲಿಷಿನಲ್ಲಿ ಬರುತ್ತಿತ್ತು. ಬತ್ತಿಯನ್ನು ಲೋಟದ ನಟ್ಟನಡುವೆ ನಿಲ್ಲಿಸುವವಳು, ಉಷ್ಣಮಾಪಕ ನೋಡಿ ಹುಯ್ಯುವ ಹೊತ್ತು ಹೇಳುವವಳು ಅವಳು. ಅಪ್ಪ ಅವಸರಪಟ್ಟರೆ "ನಾಟ್ ಯೆಟ್, ಅಪ್ಪಾ" ಎನ್ನುತ್ತಿದ್ದಳು. ಜಗತ್ತಿನಲ್ಲಿ ಬೇರೆ ಯಾರ ಮಾತಿಗೂ ನಿಲ್ಲದವನು ಆ ಮಾತಿಗೆ ನಿಲ್ಲುತ್ತಿದ್ದ. ಅಷ್ಟು ಹೊತ್ತು ಯಾರಿಗೂ ಪಾಠ ಹೇಳುತ್ತಿರಲಿಲ್ಲ. ಶ್ರೀಪತಿಯ ಪರವಾಗಿ ಬರೆಯಬಹುದಾದದ್ದು ಹೆಚ್ಚೇನೂ ಇಲ್ಲದಿರುವುದರಿಂದ ಇದನ್ನು ಬಿಡಬಾರದು.

ಇಂಚರಳಿಗೆ ಎಳವೆಯಲ್ಲಿ ಉಬ್ಬಸವಿತ್ತು. ಏಳೆಂಟು ವರ್ಷಕ್ಕೆ ಅದು ನಿಂತಿತು. ಇನ್‌ಹೇಲರ್ ಡ್ರಾಯರಿನಲ್ಲೇ ಉಳಿದು ಅವಧಿ ಮೀರಿತು, ಮನೆಯವರು ಮರೆತರು. ಶ್ವಾಸಕೋಶ ಹಾಗೆ ಮರೆಯುವುದಿಲ್ಲ.

2021ರ ಏಪ್ರಿಲ್‌ನಲ್ಲಿ ಮೈಸೂರಿನಿಂದ ಸುದ್ದಿ ಬಂತು. ಶ್ರೀಪತಿಯ ಚಿಕ್ಕಪ್ಪನ ಮಗ ನಾಣಿ, ಅವನ ಓರಗೆಯವನು, ಆಕ್ಸಿಜನ್ ಇರುವ ಹಾಸಿಗೆ ಸಿಗದೆ ತೀರಿಕೊಂಡಿದ್ದ. ಹೋಗುವಂತಿರಲಿಲ್ಲ. ಅಂತ್ಯಕ್ರಿಯೆಯನ್ನು ಶ್ರೀಪತಿ ಫೋನಿನಲ್ಲಿ ನೋಡಿದ. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು. ಆ ವಾರ ಅವನು ಯಾರಿಗೂ ಏನನ್ನೂ ವಿವರಿಸಲಿಲ್ಲ. ಆಮೇಲೆ ವಾಟ್ಸಾಪಿಗೆ ಒಂದು ಸಂದೇಶ ಬಂತು: ಕರ್ಪೂರ, ಓಂಕಾಳು, ಲವಂಗವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುತ್ತಿದ್ದರೆ ರಕ್ತದಲ್ಲಿ ಆಮ್ಲಜನಕ ಏರುತ್ತದೆ. ಬರೆದವರ ಹೆಸರಿರಲಿಲ್ಲ. ಎಷ್ಟೋ ಮನೆಗಳಲ್ಲಿ ಜನ ಆ ಗಂಟು ಕಟ್ಟಿ ಮೂಸಿದರು, ಏನೂ ಏರಲಿಲ್ಲ, ಬಿಟ್ಟರು. ಶ್ರೀಪತಿಗೆ ಅಷ್ಟು ಸಾಲಲಿಲ್ಲ. ಬ್ರಿಕ್‌ಫೀಲ್ಡ್ಸ್‌ನ ತಮಿಳು ಅಂಗಡಿಯಿಂದ ಕರ್ಪೂರದ ಡಬ್ಬಿಗಳನ್ನು ತರಿಸಿ, ಮೂರನ್ನೂ ಮೇಣದಲ್ಲಿ ಬೆರೆಸಿ, ಲೋಟಕ್ಕೆ ಹುಯ್ದು ಹಚ್ಚಿದ.

ಇದರಲ್ಲಿದ್ದ ತಪ್ಪು ತಿಳಿಯಲು ಎಂಟನೇ ತರಗತಿಯ ವಿಜ್ಞಾನ ಸಾಕು. ಉರಿಯುವ ವಸ್ತು ಆಮ್ಲಜನಕವನ್ನು ಬಳಸುತ್ತದೆ, ಕೊಡುವುದಿಲ್ಲ. ಕರ್ಪೂರ ಬಿಸಿ ಮೇಣದಲ್ಲಿ ಸುಲಭವಾಗಿ ಕರಗುತ್ತದೆ, ಆದರೆ ಉರಿಯುವಾಗ ಮೇಣಕ್ಕಿಂತ ಹೆಚ್ಚು ಮಸಿ ಬಿಡುತ್ತದೆ. ಮಂಗಳಾರತಿ ತಟ್ಟೆ ಉಜ್ಜಿದವರಿಗೆಲ್ಲ ಅದು ಗೊತ್ತು. ಓಂಕಾಳಿನ ಪುಡಿ ಬತ್ತಿಯ ಎಳೆಗಳಲ್ಲಿ ಸಿಕ್ಕಿಕೊಂಡು ಜ್ವಾಲೆಯನ್ನು ಇನ್ನಷ್ಟು ಹೊಗೆಯಾಡಿಸುತ್ತದೆ. ದೇವರ ಮುಂದೆ ಕರ್ಪೂರ ಉರಿಯುವುದು ಒಂದು ನಿಮಿಷ, ಅದೂ ಬಾಗಿಲು ತೆರೆದಿಟ್ಟು. ಇವನದು ಎಸಿಗೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನವಿಡೀ ಉರಿಯುವ ಮಂಗಳಾರತಿ. ಅದಕ್ಕೆ ಅವನು 'ಪ್ರಾಣದೀಪ' ಎಂದು ಹೆಸರಿಟ್ಟ.

ಪ್ರಯೋಗವನ್ನೂ ಮಾಡಿದ. ಬತ್ತಿ ಹಚ್ಚುವ ಮೊದಲು ಆಕ್ಸಿಮೀಟರನ್ನು ತನ್ನ ಬೆರಳಿಗೆ ಸಿಕ್ಕಿಸಿದಾಗ 97 ತೋರಿಸಿತು. ಹಚ್ಚಿದ ಮೇಲೆ 98. ಆ ಯಂತ್ರ ಸುಮ್ಮನೆ ಕೂತವನ ಬೆರಳಲ್ಲೂ ಅಷ್ಟು ಮೇಲೆ ಕೆಳಗೆ ಆಡುತ್ತದೆ. ಅವನ ಲೆಕ್ಕ ಬೇರೆ: 98 ಬಂದರೆ ದೀಪದ ಮಹಿಮೆ, 96 ಬಂದರೆ ಬೆರಳು ತಣ್ಣಗಿತ್ತು. ಈ ವಿಧಾನದಲ್ಲಿ ಏನನ್ನು ಬೇಕಾದರೂ ಸಾಧಿಸಿ ತೋರಿಸಬಹುದು.

ಅಲ್ಲಿನ ಕನ್ನಡಿಗರದೊಂದು ವಾಟ್ಸಾಪ್ ಬಳಗವಿತ್ತು. ಅದರಲ್ಲಿ 98ರ ಚಿತ್ರ ಹಾಕಿದ. ಹತ್ತಿರದ ಮನೆಗಳಿಗೆ ಒಂದೊಂದು ಲೋಟ ಕಳಿಸಿದ. "ಸೂಪರ್ ಸಾರ್" ಎಂದರು. "ನಮ್ಮ ಹಿರಿಯರು ಸುಮ್ನೆ ಮಾಡಿಲ್ಲ ಸಾರ್ ಯಾವ್ದನ್ನೂ" ಎಂದರು. ಹಿರಿಯರು ಮೇಣದಬತ್ತಿಯನ್ನೇ ಮಾಡಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಬಳಗ ನಡೆಸುತ್ತಿದ್ದ ತಿಮ್ಮಯ್ಯ, ಒಂದು ಭಾನುವಾರ ಜೂಮಿನಲ್ಲಿ ಎಲ್ಲರಿಗೂ ಮಾಡಿ ತೋರಿಸಿ ಎಂದು ಕೇಳಿದಾಗ ಶ್ರೀಪತಿ ಹೊಸ ಜುಬ್ಬಾ ತರಿಸಿದ.

ಒಬ್ಬರ ಒಪ್ಪಿಗೆ ಮಾತ್ರ ಸಿಗಲಿಲ್ಲ. ಸರೋಜಿನಿಯ ಅಣ್ಣ ಉಮಾನಾಥ ಮೆಲಾಕಾದಲ್ಲಿ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಡಾಕ್ಟರು. 'ಡಾಕ್ಟರೊಬ್ಬರು ಮೆಚ್ಚಿದ್ದು' ಎಂದು ಬಳಗದಲ್ಲಿ ಹಾಕಲು ಅವರಿಂದ ಒಂದು ವಾಕ್ಯ ಬೇಕೆಂದು ಶ್ರೀಪತಿ ಫೋನ್ ಮಾಡಿದ.

ಉಮಾನಾಥ ಪೂರ್ತಿ ಕೇಳಿಸಿಕೊಂಡು ನಕ್ಕರು. "ಸೊಳ್ಳೆಗೆ ಆದ್ರೂ ಆಗ್ಬಹುದು ಮಾರಾಯ್ರೆ. ಚಂದಕ್ಕೆ ಹಾಲಲ್ಲಿ ಇಟ್ಕೊಳ್ಳಿ, ಕಿಟ್ಕಿ ಮಾತ್ರ ತೆಗೆದಿಡಿ."

ಆ ನಗು ಶ್ರೀಪತಿಯ ಎದೆಗೆ ನಾಟಿತು. ಅಂದಿನಿಂದ ಭಾವನ ಎದುರು ಅವನು ಮೇಣದಬತ್ತಿಯ ಹೆಸರೆತ್ತಲಿಲ್ಲ. ಕಿಟಕಿ ತೆಗೆಯಬೇಕೆಂಬ ಮಾತು ನಗುವಿನ ಜೊತೆಗೇ ಬಂದಿದ್ದರಿಂದ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೂನಿನಲ್ಲಿ ದೇಶ ಮತ್ತೆ ಪೂರ್ತಿ ಮುಚ್ಚಿತು. ಇಂಚರ ದಿನವಿಡೀ ತನ್ನ ಪುಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದಳು. "ಎಸಿ ಗಾಳೀಲೇ ಇರ್ತೀಯ ಪುಟ್ಟಿ," ಎಂದು ಅಪ್ಪ ಅವಳ ಮೇಜಿನ ಮೇಲೆ ಒಂದು ಪ್ರಾಣದೀಪ ಹಚ್ಚಿಟ್ಟ. ಕೆಲವು ದಿನಗಳಲ್ಲಿ ಅವಳಿಗೆ ಕೆಮ್ಮು ಶುರುವಾಯಿತು.

ಆ ವರ್ಷ ಕೆಮ್ಮಿಗೆ ಇದ್ದದ್ದು ಒಂದೇ ಅರ್ಥ. ಕ್ಲಿನಿಕ್ಕಿಗೆ ಕರೆದೊಯ್ದು ಮೂಗಿಗೆ ಕಡ್ಡಿ ಹಾಕಿಸಿದರು. ನೆಗೆಟಿವ್ ಬಂತು. ಇನ್ನೊಮ್ಮೆ ಹಾಕಿಸಿದರು, ಮತ್ತೆ ನೆಗೆಟಿವ್. ಆದರೂ ಹುಡುಗಿಯನ್ನು ಕೋಣೆಯಲ್ಲೇ ಇರಿಸಿ, ಊಟದ ತಟ್ಟೆಯನ್ನು ಬಾಗಿಲಾಚೆ ಸ್ಟೂಲಿನ ಮೇಲಿಟ್ಟರು. ಕೆಮ್ಮು ಹೆಚ್ಚಿತೆಂದು ಶ್ರೀಪತಿ ಒಂದು ದೀಪದ ಬದಲು ಎರಡು ಹಚ್ಚಿದ. ಎರಡು ಹಚ್ಚಿದ್ದರಿಂದ ಕೆಮ್ಮು ಇನ್ನೂ ಹೆಚ್ಚಿತು. ಇನ್ನೂ ಹೆಚ್ಚಿತೆಂದು ಕರ್ಪೂರದ ಪ್ರಮಾಣ ಏರಿಸಿದ. ಇಡೀ ದಿನ ಗ್ರಾಫುಗಳನ್ನು ನೋಡಿ ಸಂಬಳ ಎಣಿಸುವವನಿಗೆ ಈ ಎರಡು ಗೆರೆಗಳು ಜೊತೆಯಾಗಿ ಏರುತ್ತಿರುವುದು ಕಾಣಲಿಲ್ಲ. ಸರೋಜಿನಿಗೂ ಅನುಮಾನ ಬರಲಿಲ್ಲ. ಅವಳು ಹುಟ್ಟಿದ ಮನೆಯಲ್ಲಿ ಸಂಜೆ ಕರ್ಪೂರ ಹಚ್ಚದ ದಿನವಿರಲಿಲ್ಲ. ಅದರಿಂದ ಯಾರಿಗಾದರೂ ಕೆಡುಕಾದೀತೆಂಬ ಯೋಚನೆಯೇ ಅವಳ ಹತ್ತಿರ ಸುಳಿಯುವಂತಿರಲಿಲ್ಲ.

ಕಂಡದ್ದು ಹುಡುಗಿಗೆ.

"ಅಪ್ಪಾ, ಇಟ್ಸ್ ಯುವರ್ ಕ್ಯಾಂಡಲ್ ಲಾ. ನೀವು ಹಚ್ಚಿದ ಕೂಡ್ಲೇ ಸ್ಟಾರ್ಟ್ ಆಗುತ್ತೆ."

ಅಷ್ಟು ಕನ್ನಡ ಅವಳ ಬಾಯಿಂದ ಬಂದದ್ದೇ ಅಪರೂಪ. ಅದೂ ಉಪಯೋಗಕ್ಕೆ ಬರಲಿಲ್ಲ.

"ಅದು ಒಳಗಿರೋ ಕಫ ಹೊರಗೆ ಬರ್ತಿರೋದು ಪುಟ್ಟಿ. ಬೇಸಿಕಲಿ ಕ್ಲೀನಿಂಗ್ ಪ್ರೋಸೆಸ್," ಎಂದ ಶ್ರೀಪತಿ.

ಅದೇ ವಾರ ಉಮಾನಾಥ ವಿಡಿಯೋ ಕರೆ ಮಾಡಿದರು. ರಾಜ್ಯದಿಂದ ರಾಜ್ಯಕ್ಕೆ ಹೋಗುವಂತಿಲ್ಲದ ಕಾಲ. ತಂಗಿಯ ಮಗಳನ್ನು ನೋಡಬೇಕೆಂದರೆ ಫೋನಿನಲ್ಲೇ. ಸರೋಜಿನಿ ಊಟದ ಮೇಜಿನ ಹತ್ತಿರ ಕಿವಿಗೆ ಹೆಡ್‌ಫೋನ್ ಹಾಕಿ ಆಫೀಸಿನ ಮೀಟಿಂಗಿನಲ್ಲಿದ್ದಳು. ಶ್ರೀಪತಿ ಮಾಸ್ಕ್ ಹಾಕಿಕೊಂಡು ಮಗಳ ಕೋಣೆಗೆ ಫೋನ್ ಹಿಡಿದು ಹೋದ.

"ಜ್ವರ ಇಲ್ಲ, ವಾಸನೆ ಗೊತ್ತಾಗ್ತದೆ, ಟೆಸ್ಟ್ ಎರಡು ಸಲ ನೆಗೆಟಿವ್," ಉಮಾನಾಥ ಯೋಚಿಸಿದರು. "ಇವಳಿಗೆ ಸಣ್ಣಾಗಿರುವಾಗ ವೀಜಿಂಗ್ ಇತ್ತಲ್ಲ? ರೂಮಲ್ಲಿ ಎಂತಾದ್ರೂ ಹಚ್ತೀರಾ ಶ್ರೀಪತಿಯವರೇ? ಸೊಳ್ಳೆಬತ್ತಿ, ಊದುಬತ್ತಿ?"

ಮೇಜಿನ ಮೇಲೆ ಎರಡು ಲೋಟಗಳು ಉರಿಯುತ್ತಿದ್ದವು. ಮೇಲಿನ ಬಿಳಿ ಸೀಲಿಂಗಿನಲ್ಲಿ ಎರಡು ಬೂದುಬಣ್ಣದ ವೃತ್ತಗಳು ಮೂಡಿದ್ದವು. ಶ್ರೀಪತಿ ಫೋನನ್ನು ತುಸು ಎಡಕ್ಕೆ ತಿರುಗಿಸಿ ಹಿಡಿದ.

"ಸೊಳ್ಳೆಬತ್ತಿ ಇಲ್ಲ ಭಾವ. ಊದುಬತ್ತೀನೂ ಇಲ್ಲ."

ಎರಡೂ ವಾಕ್ಯ ನಿಜ. ಮಗಳು ಹಾಸಿಗೆಯಿಂದ ಅವನ ಮುಖವನ್ನು ನೋಡಿದಳು. ಏನೋ ಹೇಳಲು ಹೊರಟವಳು ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಹೇಳಲಿಲ್ಲ.

ಜೂಮಿನ ಭಾನುವಾರ ಬಂತು. ಅಡಿಗೆಮನೆಯಲ್ಲಿ ಲ್ಯಾಪ್‌ಟಾಪ್, ಮುಖಕ್ಕೆ ಹಿಡಿದ ಎರಡು ಲೈಟು, ಜುಬ್ಬಾ, ಒಲೆಯ ಮೇಲೆ ಮೇಣ. ಪರದೆಯ ತುಂಬ ಬಳಗದ ಮುಖಗಳು.

"ಸಾರ್, ನಿಮ್ಮ ದನಿ ಬರ್ತಿಲ್ಲ. ಮ್ಯೂಟ್, ಮ್ಯೂಟ್ ಸಾರ್," ಎಂದ ತಿಮ್ಮಯ್ಯ. ಮ್ಯೂಟ್ ತೆಗೆದ ಮೇಲೆ ಶ್ರೀಪತಿ ನಿಲ್ಲಲಿಲ್ಲ. ಜ್ವಾಲೆಯ ಬಗ್ಗೆ, ಪಂಚಭೂತಗಳ ಬಗ್ಗೆ, ಪಶ್ಚಿಮದವರು ಈಗೀಗ ಒಪ್ಪುತ್ತಿರುವುದರ ಬಗ್ಗೆ ಮಾತಾಡಿದ. ಕರ್ಪೂರ ಹಾಕಿದ. ಮೇಣ ತಣಿದು ಹುಯ್ಯುವ ಹದಕ್ಕೆ ಬರುತ್ತಿದ್ದಾಗ ಸರೋಜಿನಿ ಬಾಗಿಲಲ್ಲಿ ಕಾಣಿಸಿಕೊಂಡಳು.

"ರೀ, ಬನ್ನಿ ಒಮ್ಮೆ. ಅವಳಿಗೆ ಉಸಿರು ಎಳೀತಾ ಉಂಟು."

ಶ್ರೀಪತಿ ಕಣ್ಣನ್ನು ಕ್ಯಾಮರಾದಿಂದ ತೆಗೆಯದೆ ಒಂದು ಬೆರಳೆತ್ತಿ, ನಿಲ್ಲು, ಎಂದು ತೋರಿಸಿದ. ಇನ್ನೆರಡು ಡಿಗ್ರಿ ಇಳಿದರೆ ಹುಯ್ಯಬಹುದಿತ್ತು.

ಆ ಬೆರಳನ್ನು ಬಳಗದ ಎಲ್ಲರೂ ನೋಡಿದರು. ನಂತರ ಅವರು ನೋಡಿದ್ದು ಸರೋಜಿನಿಯ ಕೈಯನ್ನು. ಅದು ಚೌಕಟ್ಟಿನೊಳಗೆ ಬಂದು, ಪಾತ್ರೆಯನ್ನು ಎತ್ತಿ, ಮೇಣವನ್ನು ಸಿಂಕಿಗೆ ಸುರಿಯಿತು.

"ಕೆಮ್ಮು ಅಲ್ಲ ಇದು. ಬಂದು ಕೇಳಿ. ಸೀಟಿ ಹೊಡೆದ ಹಾಗೆ ಕೇಳ್ತಾ ಉಂಟು!"

ಅವನಿಗೆ ಕೇಳಿಸಿತು. ಗೋಡೆಯಾಚೆಯಿಂದ, ಸಣ್ಣಗೆ. ಆರು ವರ್ಷದ ಇಂಚರ ಹೀಗೇ ಉಸಿರೆಳೆಯುತ್ತಿದ್ದಳು. ಅವನು ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಹಾಲಿನಲ್ಲಿ ಓಡಾಡುತ್ತಿದ್ದ. ಶ್ರೀಪತಿ ಓಡಿದ. ಹುಡುಗಿ ಹಾಸಿಗೆಯ ಅಂಚಿನಲ್ಲಿ ಮುಂದಕ್ಕೆ ಬಾಗಿ ಎರಡೂ ಕೈ ಮಂಡಿಗೆ ಊರಿ ಕೂತಿದ್ದಳು. ಕುತ್ತಿಗೆಯ ಕೆಳಗಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಮಾತಾಡಲು ಆಗುತ್ತಿರಲಿಲ್ಲ. ಹದಿನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಅವನು ಲಿಫ್ಟಿಗೆ ಹೋದ. ಪಕ್ಕದಲ್ಲಿ ಸರೋಜಿನಿ ಬರಿಗಾಲಲ್ಲಿದ್ದಳು.

ಕ್ಲಿನಿಕ್ಕಿನ ಒಳಗೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ಎತ್ತಿಕೊಂಡು ಬಂದವನು ಶ್ರೀಪತಿಯಾದ್ದರಿಂದ ಅವನೇ ಒಳಗುಳಿದ. ಸರೋಜಿನಿ ಗಾಜಿನ ಬಾಗಿಲಾಚೆ ನಿಂತಳು. ಡಾಕ್ಟರು ಕಿರಿಯ ವಯಸ್ಸಿನ ತಮಿಳು ಹೆಂಗಸು, ಕಣ್ಣುಗಳಷ್ಟೇ ಕಾಣುತ್ತಿದ್ದವು. ಉದ್ದನೆಯ ಪ್ಲಾಸ್ಟಿಕ್ ಕೊಳವೆಗೆ ಇನ್‌ಹೇಲರ್ ಸಿಕ್ಕಿಸಿ ಅದರ ಮೂತಿಯನ್ನು ಇಂಚರಳ ಬಾಯಿಗಿಟ್ಟು, ಒತ್ತಿ, ಉಸಿರೆಳೆಯಲು ಹೇಳಿದರು. ಮತ್ತೆ ಒತ್ತಿದರು. ಗುಳಿ ಬೀಳುವುದು ನಿಧಾನಕ್ಕೆ ಕಡಿಮೆಯಾಯಿತು. ಆಗ ಅವರು ಇಂಗ್ಲಿಷಿನಲ್ಲಿ ಕೇಳಿದರು: ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರಾ? ಸಾಂಬ್ರಾಣಿ, ಹೊಗೆ, ಕೋಣೆಯಲ್ಲಿ ಏನಾದರೂ ಉರಿಸುತ್ತೀರಾ?

ಶ್ರೀಪತಿಯ ಬಳಿ ಉತ್ತರ ತಯಾರಿತ್ತು. ಸಿಗರೇಟಿಲ್ಲ, ಸಾಂಬ್ರಾಣಿಯೂ ಇಲ್ಲ ಎಂದರೆ ಇವೂ ನಿಜವೇ. ಆದರೆ ಅವನು ಬಾಯಿ ತೆರೆಯುವ ಮೊದಲೇ ಇಂಚರ, ಕೊಳವೆ ಕಚ್ಚಿಕೊಂಡೇ, ಅಪ್ಪನ ಕಡೆ ಒಮ್ಮೆ ನೋಡಿ, ಇಲ್ಲ ಎಂದು ತಲೆಯಾಡಿಸಿದಳು.

ಡಾಕ್ಟರು ಸರಿ ಎಂದು ಬರೆದುಕೊಳ್ಳಲು ತಿರುಗಿದರು. ಅವರು ನಂಬಿದರೆ ಮದ್ದು ಕೊಡುತ್ತಾರೆ, ಇವರು ಮನೆಗೆ ಹೋಗುತ್ತಾರೆ, ಅವಳು ಅದೇ ಕೋಣೆಯಲ್ಲಿ ಮಲಗುತ್ತಾಳೆ. ಶ್ರೀಪತಿ ಅದುವರೆಗೆ ತನ್ನ ಮಾತು ಕೇಳಿದವರ ಮುಖಗಳನ್ನೆಲ್ಲ ನೋಡಿದ್ದ; ತನಗಾಗಿ ಸುಳ್ಳು ಹೇಳಿದವರ ಮುಖ ನೋಡಿದ್ದು ಅದೇ ಮೊದಲು.

"ಡಾಕ್ಟರ್," ಎಂದ. "ಕ್ಯಾಂಡಲ್. ಕರ್ಪೂರದ್ದು. ನಾನೇ ಮಾಡಿದ್ದು. ಅವಳ ರೂಮಲ್ಲಿ ದಿನಾ ಹಚ್ತಿದ್ದೆ." ಕನ್ನಡದಲ್ಲಿ ಹೇಳಿದೆನೆಂದು ತಿಳಿದು ಮತ್ತೆ ಇಂಗ್ಲಿಷಿನಲ್ಲಿ ಹೇಳಿದ. ಎಷ್ಟು ದಿನದಿಂದ ಎಂದು ಅವರು ಕೇಳಿದರು. ಹೇಳಿದ. ಕಿಟಕಿ? ಮುಚ್ಚಿತ್ತು ಎಂದ. ಡಾಕ್ಟರು ಬೈಯಲಿಲ್ಲ. ಹೊಗೆಯೇ ಕಾರಣ, ಇನ್ನು ಹಚ್ಚಬೇಡಿ ಎಂದು ಮದ್ದು ಬರೆದುಕೊಟ್ಟರು.

ಡಾಕ್ಟರು ಹೇಳಿದ್ದನ್ನು ಹೊರಗೆ ನಿಂತಿದ್ದ ಸರೋಜಿನಿಗೆ ಶ್ರೀಪತಿಯೇ ಹೇಳಿದ. ಕಾರಿನಲ್ಲಿ ತಾಯಿ ಮಗಳು ಹಿಂದೆ ಕೂತರು. ಶ್ರೀಪತಿ ಸ್ಟಾರ್ಟ್ ಮಾಡದೆ ಸ್ಟೀರಿಂಗ್ ಹಿಡಿದು ಕೂತ.

"ನೀನ್ಯಾಕೆ ಇಲ್ಲ ಅಂದೆ ಪುಟ್ಟಿ?"

ಇಂಚರಳ ದನಿ ಇನ್ನೂ ತೆಳ್ಳಗಿತ್ತು. "ಯು ಸೆಡ್ ನೋ ಟು ಮಾಮ. ಸೋ."

"ಎಂತ?" ಸರೋಜಿನಿ ನೆಟ್ಟಗಾದಳು. "ಅಣ್ಣ ಕೇಳಿದ್ದನಾ? ಹಚ್ತೀರಾ ಅಂತ ಕೇಳಿದ್ದನಾ?"

ಹೌದೆಂದು ಇಂಚರ ತಲೆಯಾಡಿಸಿದಳು.

"ಇಷ್ಟು ದಿನ ನಾನು ಅವಳ ತಟ್ಟೆಯನ್ನು ಬಾಗಿಲಾಚೆ ಇಟ್ಟೆ," ಎಂದಳು ಸರೋಜಿನಿ, ಮೆಲ್ಲಗೆ. "ನಾಯಿಗೆ ಇಟ್ಟ ಹಾಗೆ." ಆಮೇಲೆ, "ಫೋನ್ ತೆಗೀರಿ. ಎಲ್ಲರ ಮನೆಗೂ ಹಂಚಿದ್ದೀರಲ್ಲ. ಅವರ ಮನೇಲೂ ಮಕ್ಕಳಿದ್ದಾರೆ."

ಶ್ರೀಪತಿ ಬಳಗಕ್ಕೆ ಬರೆಯತೊಡಗಿದ. ಬಹಳ ಹೊತ್ತು ಬರೆದ. ಮಗಳು ಹಿಂದಿನಿಂದ ಬಾಗಿ ಪರದೆಯನ್ನು ನೋಡಿದಳು. ಕನ್ನಡ ಅಕ್ಷರ.

"ವಾಟ್ ಡಿಡ್ ಯು ರೈಟ್? ರೀಡ್ ಲಾ."

ಅವನು ಓದಬೇಕಾಯಿತು. "ಆತ್ಮೀಯರೇ, ಕೆಲವು ಅನಿರೀಕ್ಷಿತ ಕಾರಣಗಳಿಂದಾಗಿ, ಹಾಗೂ ವ್ಯಕ್ತಿಯಿಂದ ವ್ಯಕ್ತಿಗೆ ದೇಹಪ್ರಕೃತಿ ಭಿನ್ನವಾಗಿರುವುದನ್ನು ಗಮನದಲ್ಲಿಟ್ಟುಕೊಂಡು, ಪ್ರಾಣದೀಪದ ಬಳಕೆಯನ್ನು ಸದ್ಯಕ್ಕೆ..."

"ಹೂ ಈಸ್ ದಟ್ ಅಬೌಟ್?" ಎಂದಳು ಇಂಚರ. ವ್ಯಂಗ್ಯವಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು.

ಶ್ರೀಪತಿ ಅಳಿಸಿದ. ಮತ್ತೆ ಬರೆದು, ಕಳಿಸುವ ಮೊದಲು ತಾನಾಗಿಯೇ ಓದಿದ. "ನಾನು ಕೊಟ್ಟ ಮೇಣದಬತ್ತಿ ಯಾರೂ ಹಚ್ಚಬೇಡಿ. ಅದರ ಹೊಗೆಯಿಂದ ನನ್ನ ಮಗಳಿಗೆ ಉಸಿರು ಕಟ್ಟಿತು. ಅವಳು ಮೊದಲೇ ಹೇಳಿದ್ದಳು, ನಾನು ಕೇಳಲಿಲ್ಲ. ಶ್ರೀಪತಿ."

"ಓಕೆ," ಎಂದು ಅವಳು ಹಿಂದಕ್ಕೆ ಒರಗಿದಳು.

ಕಳಿಸಿದ. ಕೈಮುಗಿದ ಚಿತ್ರಗಳು ಬಂದವು. 'ಹುಷಾರು ಸಾರ್' ಎಂದು ಬಂತು. ನಂತರ ತಿಮ್ಮಯ್ಯ ಬರೆದ: 'ಸಾರ್, ಪೂಜೆ ಟೈಮಲ್ಲಿ ಒಂದೈದು ನಿಮಿಷ ಹಚ್ಚಿದ್ರೆ ತೊಂದರೆ ಇಲ್ಲ ಅಲ್ವಾ?' ಇದಕ್ಕೆ ವಿವರವಾದ ಉತ್ತರ ಕೊಡಲು ಶ್ರೀಪತಿಗೆ ಬರುತ್ತಿತ್ತು. 'ಬೇಡ' ಎಂದಷ್ಟೇ ಬರೆದ.

ಅಷ್ಟರಲ್ಲಿ ಸರೋಜಿನಿ ತನ್ನ ಫೋನನ್ನು ಹಿಂದಿನಿಂದ ಅವನ ಭುಜದ ಮೇಲೆ ಚಾಚಿದ್ದಳು. ಅದು ರಿಂಗಾಗುತ್ತಿತ್ತು, ಪರದೆಯ ಮೇಲೆ 'ಅಣ್ಣ' ಎಂದಿತ್ತು.

"ನೀವೇ ಹೇಳಿ," ಎಂದಳು. ಅವನು ಫೋನ್ ತೆಗೆದುಕೊಂಡ.